ಪರದೆ ದೊಡ್ಡದಿದ್ದರೆ ಸಾಕೆ? ವೇದಿಕೆಯಲ್ಲಿ ಬೆಳಕು, ವಿಡಿಯೊ ಒಂದಾಗುವ ಬಗೆ

ಇವತ್ತಿನ ಮಾತು ವೇದಿಕೆ ಕಾರ್ಯಕ್ರಮಗಳ ಬೆಳಕು ಮತ್ತು ವಿಡಿಯೊ ಬಗ್ಗೆ. ಈಗ ಮದುವೆ ರಿಸೆಪ್ಷನ್ ಇರಲಿ, ಶಾಲೆಯ ವಾರ್ಷಿಕೋತ್ಸವ ಇರಲಿ, ಊರ ಹಬ್ಬದ ಆರ್ಕೆಸ್ಟ್ರಾ ಇರಲಿ, ಹಿಂದೆ ಒಂದು ಎಲ್‌ಇಡಿ ವಾಲ್ ಇರಲೇಬೇಕು. ಆಯೋಜಕರು ಮೊದಲು ಕೇಳೋದೇ "ವಾಲ್ ಎಷ್ಟು ಅಡಿ?" ಅಂತ. ಕಾಡು, ಅರಮನೆ, ಜಲಪಾತ ಎಲ್ಲ ಅದರಲ್ಲಿ ಬರುತ್ತೆ. ಆದರೂ ಕಾಡಿನ ಒಳಗೆ ಕೂತ ಹಾಗೆ ನಮಗೆ ಅನ್ನಿಸೋದಿಲ್ಲ. ದೊಡ್ಡ ಟಿವಿಯ ಮುಂದೆ ಯಾರೋ ಕುಣೀತಾ ಇದ್ದಾರೆ ಅನ್ನಿಸುತ್ತೆ.

ನೋಡುವವರಿಗೆ ತಾವೇ ಆ ಜಾಗದ ಒಳಗೆ ಇದ್ದೇವೆ ಅನ್ನಿಸೋದನ್ನ ಇಮ್ಮರ್ಸಿವ್ ಅನುಭವ ಅಂತ ಕರೀತಾರೆ. ಇದಕ್ಕೆ ಪರದೆಯ ಅಳತೆಗಿಂತ ಮುಖ್ಯವಾದದ್ದು ಒಂದಿದೆ. ಪರದೆಯಲ್ಲಿರೋ ಬೆಳಕು, ಸಭಾಂಗಣದಲ್ಲಿರೋ ಬೆಳಕು ಎರಡೂ ಒಂದೇ ಮಾತು ಹೇಳಬೇಕು. ಅದು ಹೇಗೆ ಅನ್ನೋದನ್ನ ಎರಡು ದೊಡ್ಡ ಉದಾಹರಣೆಗಳಿಂದ ನೋಡೋಣ. ಆಮೇಲೆ ನಮ್ಮ ವೇದಿಕೆಗೆ ಬರೋಣ.

ಪರದೆಯಿಂದ ಹೊರಗೆ ಬರುವ ಬೆಳಕು

ಲಂಡನ್‌ನಲ್ಲಿ 2022ರ ಮೇ 27ರಂದು 'ಅಬ್ಬಾ ವಾಯೇಜ್' ಅನ್ನೋ ಸಂಗೀತ ಕಾರ್ಯಕ್ರಮ ಶುರುವಾಯ್ತು. ಸ್ವೀಡನ್ನಿನ ಅಬ್ಬಾ ತಂಡದ ನಾಲ್ವರೂ 1979ರಲ್ಲಿ ಇದ್ದ ಹಾಗೆ, ಹರೆಯದವರಾಗಿ ಹಾಡ್ತಾರೆ. ಆದರೆ ಅವರು ಯಾರೂ ಅಲ್ಲಿ ಇರೋದಿಲ್ಲ. ಐದು ವಾರ ಆ ನಾಲ್ವರನ್ನ 160 ಕ್ಯಾಮೆರಾಗಳ ಮುಂದೆ ಹಾಡಿಸಿ, ಚಲನವಲನ ದಾಖಲಿಸಿ, ಕಂಪ್ಯೂಟರಿನಲ್ಲಿ ಮಾಡಿದ ರೂಪಗಳು ಅವು. ವಾದ್ಯದ ಹತ್ತು ಜನ ಮಾತ್ರ ನಿಜವಾದವರು.

ಬಹಳ ಜನ ಇದನ್ನ ಹಾಲೋಗ್ರಾಮ್ ಅಂತಾರೆ. ಹಾಲೋಗ್ರಾಮ್ ಅಲ್ಲ. ಗಾಜಿನಲ್ಲಿ ಪ್ರತಿಬಿಂಬ ಮೂಡಿಸಿ ವೇದಿಕೆ ಮೇಲೆ ದೆವ್ವ ತೋರಿಸುವ ಹಳೇ ತಂತ್ರವೂ ಅಲ್ಲ. ಅದು 1862ರಿಂದಲೇ ಲಂಡನ್‌ನಲ್ಲಿ ಪ್ರಸಿದ್ಧವಾಗಿತ್ತು, 'ಪೆಪ್ಪರ್ಸ್ ಘೋಸ್ಟ್' ಅಂತ. ಇಲ್ಲಿರೋದು ಆರೂವರೆ ಕೋಟಿ ಪಿಕ್ಸೆಲ್‌ಗಳ ಒಂದು ಚಪ್ಪಟೆ ಎಲ್‌ಇಡಿ ಪರದೆ, ಅಷ್ಟೇ. ಹಾಗಾದ್ರೆ 3,000 ಜನ ಅದನ್ನ ನಂಬೋದು ಹೇಗೆ?

ಗುಟ್ಟು ದೀಪಗಳಲ್ಲಿದೆ. ಪರದೆಯೊಳಗೆ ಕಂಪ್ಯೂಟರಿನಲ್ಲಿ ರಚಿಸಿದ ದೀಪಗಳಿವೆ. ಪರದೆಯ ಹೊರಗೆ, ಜನರ ತಲೆ ಮೇಲೆ, ನಿಜವಾದ ದೀಪಗಳಿವೆ. ಎರಡನ್ನೂ ಒಂದೇ ಸಾಲು ಅಂತ ಇಟ್ಟುಕೊಂಡು ವಿನ್ಯಾಸ ಮಾಡಿದ್ದಾರೆ. ಒಳಗಿನ ದೀಪ ನೀಲಿಯಾದ್ರೆ ಹೊರಗಿನದ್ದೂ ಅದೇ ಕ್ಷಣಕ್ಕೆ, ಅದೇ ನೀಲಿ. ಆಗ ಪರದೆ ಎಲ್ಲಿ ಮುಗೀತು, ಸಭಾಂಗಣ ಎಲ್ಲಿ ಶುರುವಾಯ್ತು ಅಂತ ಕಣ್ಣಿಗೆ ಗೊತ್ತಾಗೋದಿಲ್ಲ.

ಅಂಚೇ ಕಾಣದ ಪರದೆ

ಇನ್ನೊಂದು ದಾರಿ ಅಮೆರಿಕದ ಲಾಸ್ ವೇಗಸ್‌ನ 'ಸ್ಫಿಯರ್' ಹಿಡಿದದ್ದು. 2023ರ ಸೆಪ್ಟೆಂಬರ್ 29ರಂದು ಯು2 ತಂಡದ ಕಾರ್ಯಕ್ರಮದೊಂದಿಗೆ ಅದು ಶುರುವಾಯ್ತು. ಚೆಂಡಿನ ಆಕಾರದ ಕಟ್ಟಡ, 17,000ಕ್ಕೂ ಹೆಚ್ಚು ಆಸನ. ಒಳಗಿನ ಪರದೆ ಸುಮಾರು 1,60,000 ಚದರ ಅಡಿ, ಅಂದ್ರೆ ಮೂರೂವರೆ ಎಕರೆಗೂ ಹೆಚ್ಚು. ಅದು ನೋಡುವವರ ತಲೆ ಮೇಲೂ ಅಕ್ಕಪಕ್ಕಕ್ಕೂ ಬಾಗಿಕೊಂಡಿದೆ.

ಇದು ಕೆಲಸ ಮಾಡೋದು ನಮ್ಮ ಓರೆನೋಟದ ಮೇಲೆ. ನಿಲ್ದಾಣದಲ್ಲಿ ನಿಂತ ರೈಲಿನಲ್ಲಿ ಕೂತಿರ್ತೀವಿ, ಪಕ್ಕದ ರೈಲು ಹೊರಡುತ್ತೆ, ನಮ್ಮದೇ ಹೊರಟ ಹಾಗೆ ಆಗುತ್ತಲ್ಲ, ಅದೇ ಇದು. ಸುತ್ತಲಿನದ್ದೆಲ್ಲ ಚಲಿಸಿದ್ರೆ, ನಾವೇ ಚಲಿಸ್ತಾ ಇದ್ದೀವಿ ಅಂತ ಮಿದುಳು ಲೆಕ್ಕ ಹಾಕುತ್ತೆ. ಆದ್ದರಿಂದಲೇ ಇಂಥ ಕಡೆ ಕೆಲವರಿಗೆ ತಲೆ ಸುತ್ತೋದೂ ಉಂಟು.

ಇಷ್ಟು ದುಡ್ಡು ಸುರಿಯೋದು ಎಲ್ಲರಿಂದಲೂ ಆಗದ ಮಾತು. ಆದರೆ ಲಂಡನ್ ದಾರಿಯನ್ನ ತಾಲ್ಲೂಕು ಕೇಂದ್ರದ ಸಭಾಭವನದಲ್ಲೂ ಸ್ವಲ್ಪಮಟ್ಟಿಗೆ ಹಿಡಿಯಬಹುದು.

ನಮ್ಮ ವೇದಿಕೆಯಲ್ಲಿ ಆಗೋದೇನು?

ನಾನು ನೋಡಿದ ಎಷ್ಟೋ ಭರತನಾಟ್ಯ ಕಾರ್ಯಕ್ರಮಗಳಲ್ಲಿ ಕಲಾವಿದೆಯ ಮುಖವೇ ಕಾಣಲಿಲ್ಲ. ಹತ್ತಾರು ವರ್ಷ ಕಲಿತ ಅಭಿನಯ, ಹಿಂದಿನ ಗೋಡೆಯ ಬೆಳಕಿನಲ್ಲಿ ಕರಗಿಹೋಗಿತ್ತು. ಇದಕ್ಕೆ ಕಾರಣ ಮೂರು.

ಮೊದಲನೆಯದು ಪ್ರಖರತೆ. ಪರದೆಯ ಹೊಳಪನ್ನ 'ನಿಟ್ಸ್' ಅನ್ನೋ ಅಳತೆಯಲ್ಲಿ ಹೇಳ್ತಾರೆ. ಚಿತ್ರಮಂದಿರದ ಪರದೆಗೆ ಇರೋ ಮಾನದಂಡ 48 ನಿಟ್ಸ್. ಬಾಡಿಗೆಗೆ ಬರುವ ಒಳಾಂಗಣ ಎಲ್‌ಇಡಿ ವಾಲ್ 1,000 ನಿಟ್ಸ್ ಆಸುಪಾಸು ಕೊಡಬಲ್ಲದು, ಇಪ್ಪತ್ತು ಪಟ್ಟು. ಅದನ್ನ ಪೂರ್ತಿ ಹಚ್ಚಿಟ್ಟರೆ ಪಾಪೆ ಕಿರಿದಾಗುತ್ತೆ, ಮುಂದೆ ನಿಂತವರು ಕಪ್ಪು ನೆರಳಾಗ್ತಾರೆ. ಅದನ್ನ ಸರಿ ಮಾಡೋಕೆ ಮುಂದಿನಿಂದ ಇನ್ನಷ್ಟು ದೀಪ ಹಾಕ್ತಾರೆ. ಕತ್ತಲು ಪೂರ್ತಿ ಹೋಯ್ತು, ಅದರ ಜೊತೆ ಕಾಡೂ ಹೋಯ್ತು.

ಎರಡನೆಯದು ಬಣ್ಣ. ಹಳೆಯ ಹ್ಯಾಲೊಜೆನ್ ದೀಪದ ಬಿಳಿ ಸುಮಾರು 3,200 ಕೆಲ್ವಿನ್, ಅರಿಶಿನದ ಕಡೆ ವಾಲುತ್ತೆ. ಎಲ್‌ಇಡಿ ವಾಲ್‌ನ ಬಿಳಿ ಸಾಮಾನ್ಯವಾಗಿ 6,500 ಕೆಲ್ವಿನ್ ಅಥವಾ ಅದಕ್ಕೂ ಮೇಲೆ, ನೀಲಿಯ ಕಡೆ. ಎರಡೂ ಒಟ್ಟಿಗೆ ಇದ್ದಾಗ ಬಿಳಿ ಪಂಚೆ ಹಳದಿಯಾಗಿ ಕಾಣುತ್ತೆ.

ಮೂರನೆಯದು ದಿಕ್ಕು. ವಿಡಿಯೊದಲ್ಲಿ ಚಂದ್ರ ಎಡಗಡೆ ಇದ್ದಾನೆ, ನರ್ತಕಿಯ ಮೇಲೆ ಬೆಳಕು ಎದುರಿನಿಂದ ಬೀಳ್ತಾ ಇದೆ. ಕಣ್ಣು ಈ ಸುಳ್ಳನ್ನ ತಕ್ಷಣ ಹಿಡಿಯುತ್ತೆ, ಯಾಕೆ ಅಂತ ನಮಗೆ ಹೇಳೋಕೆ ಬಾರದಿದ್ದರೂ.

ಹಾಗಾದ್ರೆ ಏನು ಮಾಡಬಹುದು?

ಖರ್ಚಿಲ್ಲದ ಕೆಲಸ ಮೊದಲು. ರಾತ್ರಿ, ಒಳಾಂಗಣದಲ್ಲಿ, ವಾಲ್‌ನ ಬ್ರೈಟ್‌ನೆಸ್ ಶೇ 10ರಿಂದ 20ಕ್ಕೆ ಇಳಿಸಿ ನೋಡಿ. ಬಹಳಷ್ಟು ಸಲ ಅಷ್ಟೇ ಸಾಕಾಗುತ್ತೆ. ಒಂದು ಎಚ್ಚರಿಕೆ: ಅಗ್ಗದ ವಾಲ್‌ಗಳಲ್ಲಿ ಹೊಳಪು ತೀರಾ ಇಳಿಸಿದ್ರೆ ಗಾಢ ಬಣ್ಣಗಳು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣ್ತವೆ. ಆದ್ದರಿಂದ ಚಿತ್ರಗಳನ್ನ ಸರಳವಾಗಿ ಇಟ್ಟುಕೊಳ್ಳಿ.

ಆಮೇಲೆ ದುಡ್ಡಿನ ಹಂಚಿಕೆ. ಸಾಮಾನ್ಯವಾಗಿ ಸಿಗೋ ವಾಲ್ ಅರ್ಧ ಮೀಟರ್ ಚೌಕದ ಪ್ಯಾನೆಲ್‌ಗಳಿಂದ ಆಗಿರುತ್ತೆ. ಪಿಕ್ಸೆಲ್‌ಗಳ ನಡುವಿನ ಅಂತರ 3.9 ಮಿ.ಮೀ. ಆಗಿದ್ರೆ ಒಂದು ಪ್ಯಾನೆಲ್‌ಗೆ 128×128 ಪಿಕ್ಸೆಲ್. 6 ಮೀಟರ್ ಅಗಲ, 3 ಮೀಟರ್ ಎತ್ತರದ ವಾಲ್‌ಗೆ 72 ಪ್ಯಾನೆಲ್ ಬೇಕು, ಸಿಗೋದು 1,536×768 ಪಿಕ್ಸೆಲ್. ನಿಮ್ಮ ಮನೆಯ ಫುಲ್ ಎಚ್‌ಡಿ ಟಿವಿಗಿಂತ ಕಡಿಮೆ! ಇದನ್ನ ಇನ್ನೆರಡು ಮೀಟರ್ ಅಗಲ ಮಾಡೋ ಬದಲು ಆ ದುಡ್ಡಿನಲ್ಲಿ ಬಣ್ಣ ಬದಲಿಸುವ ನಾಲ್ಕು ದೀಪ ತರಿಸಿ, ವೇದಿಕೆಯ ಎರಡೂ ಪಕ್ಕದಲ್ಲಿ ನಿಲ್ಲಿಸಿ. ಪಕ್ಕದ ಬೆಳಕು ಪರದೆ ಮೇಲೆ ಬೀಳೋದಿಲ್ಲ, ಕಲಾವಿದರ ಮೈಯ ಉಬ್ಬುತಗ್ಗು ಎದ್ದು ಕಾಣುತ್ತೆ. ಪರದೆಯಲ್ಲಿ ಚಂದ್ರ ಎಡಕ್ಕಿದ್ರೆ ಎಡಗಡೆಯ ದೀಪ ನೀಲಿ, ಬಲಗಡೆಯದ್ದು ಮಂದ. ಮುಖಕ್ಕೆ ಮಾತ್ರ ಎದುರಿನಿಂದ ಒಂದಿಷ್ಟು ತೆಳು ಬೆಳಕು.

ಕೊನೆಯದಾಗಿ ನೆಲ ಮತ್ತು ಪ್ರೇಕ್ಷಕರು. ಪರದೆಯ ಬಣ್ಣವನ್ನೇ ವೇದಿಕೆಯ ನೆಲಕ್ಕೆ, ಸಭಾಂಗಣದ ಪಕ್ಕದ ಗೋಡೆಗೆ ಹಾಯಿಸಿದ್ರೆ ಚಿತ್ರ ಚೌಕಟ್ಟು ದಾಟಿ ಹೊರಗೆ ಬರುತ್ತೆ. ಇವೆಲ್ಲ ಒಟ್ಟಿಗೆ ಬದಲಾಗಬೇಕಾದ್ರೆ ವಿಡಿಯೊದವರು, ಲೈಟಿಂಗ್‌ನವರು ಒಂದೇ ಮೇಜಿನಲ್ಲಿ ಕೂತು ಕಡೇಪಕ್ಷ ಒಂದು ಸಲ ರಿಹರ್ಸಲ್ ಮಾಡಬೇಕು. ನಮ್ಮಲ್ಲಿ ಇಬ್ಬರೂ ಬೇರೆ ಬೇರೆ ಕಂಪನಿಯವರು, ಭೇಟಿಯಾಗೋದೇ ಕಾರ್ಯಕ್ರಮದ ಸಂಜೆ!

ಕತ್ತಲೆಯ ಬೆಲೆ ನಮಗೆ ಗೊತ್ತಿಲ್ಲದ್ದೇನಲ್ಲ. ಮೈಸೂರು ಅರಮನೆಯನ್ನೇ ನೋಡಿ. ಹೆಚ್ಚುಕಡಿಮೆ ಒಂದು ಲಕ್ಷ ಬಲ್ಬು, ಆದರೆ ಅವು ಇರೋದು ಕಮಾನು, ಗೋಪುರಗಳ ಅಂಚಿನಲ್ಲಿ. ಮುಸ್ಸಂಜೆಯ ಕತ್ತಲೆಯಲ್ಲಿ ಒಮ್ಮೆಲೇ ಹತ್ತಿಕೊಂಡಾಗ ಜನ 'ಓ' ಅಂತಾರೆ. ಅದೇ ದೀಪ ಮಧ್ಯಾಹ್ನ ಹಚ್ಚಿದ್ರೆ ಯಾರೂ ತಿರುಗಿ ನೋಡಲ್ಲ.

ಮಿನುಗು ದೀಪ: ಜಾಗ್ರತೆ

ಒಂದು ವಿಷಯ ಹೇಳದೆ ಮುಗಿಸುವ ಹಾಗಿಲ್ಲ. ವೇಗವಾಗಿ ಮಿನುಗುವ ಬೆಳಕಿನಿಂದ ಕೆಲವರಿಗೆ ಅಪಸ್ಮಾರ, ಅಂದ್ರೆ ಫಿಟ್ಸ್ ಬರಬಹುದು. 1997ರ ಡಿಸೆಂಬರ್‌ನಲ್ಲಿ ಜಪಾನಿನ ಟಿವಿಯಲ್ಲಿ ಪೊಕೆಮಾನ್ ಕಂತೊಂದರಲ್ಲಿ ಕೆಂಪು-ನೀಲಿ ಬೆಳಕು ಮಿನುಗಿ, 600ಕ್ಕೂ ಹೆಚ್ಚು ಜನರನ್ನ ಆಸ್ಪತ್ರೆಗೆ ಒಯ್ಯಬೇಕಾಯ್ತು. ಹೆಚ್ಚಿನವರು ಮಕ್ಕಳು. ವೆಬ್‌ಸೈಟ್‌ಗಳ ಮಾರ್ಗಸೂಚಿಯಲ್ಲಿ ಸೆಕೆಂಡಿಗೆ 3ಕ್ಕಿಂತ ಹೆಚ್ಚು ಮಿನುಗು ಇರಬಾರದು ಅಂತಿದೆ. ಶಾಲಾ ವಾರ್ಷಿಕೋತ್ಸವ ನಡೆಸುವವರು ಈ ಸಂಖ್ಯೆ ನೆನಪಿಡಿ. ಸ್ಟ್ರೋಬ್ ಬಳಸೋದೇ ಆದ್ರೆ ಮೊದಲೇ ಮೈಕಿನಲ್ಲಿ ಹೇಳಿ. ಹೊಗೆ ಯಂತ್ರಕ್ಕೂ ಇದೇ ಮಾತು, ಆಸ್ತಮಾ ಇರುವವರು ಮುಂದಿನ ಸಾಲಿನಲ್ಲಿ ಇರಬಹುದು.

ಮುಂದಿನ ಸಲ ಕಾರ್ಯಕ್ರಮಕ್ಕೆ ಬಾಡಿಗೆ ಮಾತಾಡುವಾಗ "ವಾಲ್ ಎಷ್ಟು ಅಡಿ?" ಅಂತ ಕೇಳೋಕೆ ಮೊದಲು "ಕಲಾವಿದರ ಮುಖ ಕಾಣುತ್ತಾ?" ಅಂತ ಕೇಳಿ. ನಿಮ್ಮೂರಿನ ವೇದಿಕೆಯಲ್ಲಿ ಏನು ಮಾಡಿದ್ರಿ, ಹೇಗೆ ಬಂತು ಅಂತ ನಮಗೂ ಬರೆದು ತಿಳಿಸಿ.