ಹೆಲಿಕಾಪ್ಟರ್ ವಿದ್ಯೆಗೆ ಏಕಿಷ್ಟು ಬೆಲೆ?

ಹೆಲಿಕಾಪ್ಟರ್ ನಡೆಸುವ ವಿದ್ಯೆಯನ್ನು ಕಲಿಯಹೊರಟವನ ಹಣವು
ಎಲ್ಲಿ ಕರಗುತ್ತದೆಂಬುದನ್ನು ಬಲ್ಲಿರಾ?

ಅಮೆರಿಕೆಯ ನಿಯಮದಂತೆ,
ಖಾಸಗಿ ಪೈಲಟನ ಪರವಾನಗಿಗೆ ಸಾಮಾನ್ಯವಾಗಿ ಕನಿಷ್ಠ 40 ಗಂಟೆಗಳ ಹಾರಾಟ ಸಾಕು;
ಆದರೆ ಬಹುಮಂದಿ 60 ಗಂಟೆಗಳನ್ನು ದಾಟುವರು.
ಶಿಕ್ಷಕರ ಶುಲ್ಕವೂ ಸೇರಿ ಗಂಟೆಗೆ 350 ಡಾಲರೆಂದು ಹಿಡಿದರೂ,
ಮೊತ್ತವು 21,000 ಡಾಲರಿಗೆ ಮುಟ್ಟುವುದು.

ಇಂಧನವೊಂದೇ ಇದಕ್ಕೆ ಕಾರಣವೆಂದು ಭಾವಿಸದಿರಿ.
ತರಬೇತಿ ಶಾಲೆಗಳಲ್ಲಿ ಕಾಣುವ ರಾಬಿನ್ಸನ್ ಆರ್-22 ಎಂಬ ಎರಡಾಸನದ ಪುಟ್ಟ ಯಂತ್ರವನ್ನು,
2,200 ಗಂಟೆ ಹಾರಿದೊಡನೆ,
ಅಥವಾ ಅಷ್ಟು ಹಾರದಿದ್ದರೂ 12 ವರ್ಷ ತುಂಬಿದೊಡನೆ,
ಸಂಪೂರ್ಣವಾಗಿ ಬಿಚ್ಚಿ, ಪರೀಕ್ಷಿಸಿ,
ಆಯುಸ್ಸು ಮುಗಿದ ಭಾಗಗಳನ್ನೆಲ್ಲ ಬದಲಿಸಬೇಕು.
ಆ ಭಾರಿ ವೆಚ್ಚದ ಅಂಶವೊಂದನ್ನು
ಪ್ರತಿಯೊಬ್ಬ ವಿದ್ಯಾರ್ಥಿಯೂ ಗಂಟೆಗಂಟೆಗೂ ತೆರುತ್ತಿರುತ್ತಾನೆ.

ಇನ್ನು ಕಲಿಕೆಯ ಕಾಠಿನ್ಯವನ್ನು ನೋಡಿ.
ಎಡಗೈ ಏರಿಳಿತಕ್ಕೆ, ಬಲಗೈ ವಾಲಿಸುವುದಕ್ಕೆ,
ಪಾದಗಳೆರಡೂ ಮೂತಿಯನ್ನು ತಿರುಗಿಸುವುದಕ್ಕೆ;
ಒಂದನ್ನು ಅಲುಗಿಸಿದರೆ ಉಳಿದವನ್ನೂ ಆ ಕ್ಷಣವೇ ಸರಿಪಡಿಸಬೇಕು.
ನೆಲದಿಂದ ನಾಲ್ಕೈದು ಅಡಿ ಮೇಲೆ ಸ್ಥಿರವಾಗಿ ನಿಲ್ಲುವುದೆಂದರೆ,
ಅಂಗೈಯ ಮೇಲೆ ಉದ್ದನೆಯ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿದಂತೆ:
ಕೋಲು ನಿಂತಿರಬೇಕಾದರೆ ಕೈ ಎಂದೂ ಸುಮ್ಮನಿರಲಾಗದು.
ಹೊಸಬನು ಹಿಡಿಯನ್ನು ಬಿಗಿದಷ್ಟೂ ಯಂತ್ರವು ತೂಗಾಡುವುದು;
ಎರಡೇ ಬೆರಳುಗಳ ಮೆಲುಸ್ಪರ್ಶ ಸಾಕೆಂದು
ಶಿಕ್ಷಕರು ಎಷ್ಟು ಹೇಳಿದರೂ,
ಕೈಗೆ ಅದು ತಿಳಿಯಲು ಅನೇಕ ಗಂಟೆಗಳೇ ಬೇಕು.
ಆ ಗಂಟೆಗಳಿಗೂ ಅದೇ ದರ!

ಹೆಲಿಕಾಪ್ಟರ್ ಹಾರಾಟವನ್ನೇ ಜೀವನೋಪಾಯವಾಗಿಸಿಕೊಳ್ಳುವವರಿಗೆ
ಅಮೆರಿಕೆಯಲ್ಲಿ ಸಾಮಾನ್ಯವಾಗಿ 150 ಗಂಟೆಗಳ ಅನುಭವ ಬೇಕು.
ಆದ್ದರಿಂದ, ಪ್ರತಿಭೆಯಿದ್ದೂ ಹಣವಿಲ್ಲದ ತರುಣ ತರುಣಿಯರಿಗೆ
ವಿದ್ಯಾರ್ಥಿವೇತನವೇ ಮೊದಲು ಸಿಗಬೇಕೆಂದು ನಾನು ದೃಢವಾಗಿ ನಂಬುತ್ತೇನೆ.