ತ್ರಿಕೋನ ತಲೆ ಇದ್ದರೆ ಮಾತ್ರ ವಿಷದ ಹಾವೇ? ಈ ಫಾರ್ವರ್ಡ್ ನಂಬುವ ಮುನ್ನ ಓದಿ

ತಲೆ ತ್ರಿಕೋನವಾಗಿದ್ದರೆ ವಿಷದ ಹಾವು, ದುಂಡಗಿದ್ದರೆ ಭಯ ಬೇಡ ಎನ್ನುವ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಕೊಳ್ಳೇಗಾಲ, ಯಳಂದೂರಿನ ಗದ್ದೆಗಳಲ್ಲಿ, ಹನೂರಿನ ಕಾಡಂಚಿನ ಹೊಲಗಳಲ್ಲಿ ದುಡಿಯುವವರು ಇದನ್ನು ನಂಬಿ ಕೂತರೆ ಜೀವಕ್ಕೇ ಕುತ್ತು.

ಮೊದಲು ನಾಗರಹಾವನ್ನೇ ನೋಡಿ. ಅದರ ತಲೆ ತ್ರಿಕೋನವಲ್ಲ. ಕಟ್ಟು ಹಾವಿನದಂತೂ ಕುತ್ತಿಗೆಗಿಂತ ಅಗಲವೇ ಇಲ್ಲವೇನೋ ಎನ್ನುವಂತಿರುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಇದು ಕಚ್ಚಿದರೆ ಎಷ್ಟೋ ಸಲ ನೋವೂ ಇಲ್ಲ, ಊತವೂ ಇಲ್ಲ. ಇತ್ತ ಹೆಬ್ಬಾವಿನ ತಲೆ, ಬೆಕ್ಕು ಹಾವಿನ ತಲೆ ಹಿಂಬದಿಯಲ್ಲಿ ಅಗಲ. ಅವುಗಳಿಂದ ವಿಷದ ಅಪಾಯವಿಲ್ಲ. ಕೊಳಕು ಮಂಡಲದಂಥ ಮಂಡಲ ಹಾವುಗಳ ವಿಷಯದಲ್ಲಿ ಫಾರ್ವರ್ಡ್ ಹೇಳಿದ್ದು ಸರಿಹೊಂದುತ್ತದೆ, ಅದಕ್ಕೇ ಜನ ನಂಬುವುದು.

ಹಾಗಾದರೆ ವಿಜ್ಞಾನಿಗಳು ತಲೆಯ ಆಕಾರ ನೋಡುವುದೇ ಇಲ್ಲವೇ? ನೋಡುತ್ತಾರೆ, ಆದರೆ ಕಣ್ಣಂದಾಜಿನಲ್ಲಿ ಅಲ್ಲ. ಸುಲಭದ ದಾರಿ ಎಂದರೆ ಉದ್ದ, ಅಗಲ ಅಳೆದು ಒಂದನ್ನು ಇನ್ನೊಂದರಿಂದ ಭಾಗಿಸುವುದು. ಇದರಲ್ಲಿ ಒಂದು ತೊಡಕಿದೆ: ನಡುವೆ ಅಗಲವಾದ ತಲೆಗೂ ಹಿಂದೆ ಅಗಲವಾದ ತಲೆಗೂ ಒಂದೇ ಉತ್ತರ ಬರಬಹುದು. ಆಗ ಮೂಗಿನ ತುದಿ, ಕಣ್ಣಿನ ಅಂಚು, ದವಡೆಯ ಕೊನೆ ಹೀಗೆ ಎಲ್ಲ ಹಾವುಗಳಲ್ಲೂ ಸಿಗುವ ಜಾಗಗಳಿಗೆ ಚುಕ್ಕಿ ಇಡುತ್ತಾರೆ. ಮರಿಯ ತಲೆ, ದೊಡ್ಡದರ ತಲೆ ಎರಡನ್ನೂ ಕಂಪ್ಯೂಟರಿನಲ್ಲಿ ಒಂದೇ ಅಳತೆಗೆ ತಂದು, ತಿರುಗಿಸಿ, ಒಂದರ ಮೇಲೊಂದು ಕೂರಿಸುತ್ತಾರೆ. ಆಮೇಲೂ ಉಳಿಯುವ ವ್ಯತ್ಯಾಸವೇ ಆಕಾರದ ವ್ಯತ್ಯಾಸ. ಚುಕ್ಕಿ ಇಡಲು ಗುರುತೇ ಇಲ್ಲದ ನುಣುಪಾದ ಅಂಚಿದ್ದರೆ ಇಡೀ ಹೊರರೇಖೆಯನ್ನೇ ಹಿಡಿಯಬೇಕು. ಯಾವ ವಿಧಾನ ಎಂಬುದು ಕೇಳುವ ಪ್ರಶ್ನೆಯ ಮೇಲೆ ನಿಂತಿದೆ.

ಇಷ್ಟೆಲ್ಲಾ ಮಾಡಿದರೂ ಫೋಟೋ ತೆಗೆದ ಕೋನ ಬದಲಾದರೆ ಲೆಕ್ಕ ತಪ್ಪುತ್ತದೆ. ಬಾಟಲಿಯಲ್ಲಿ ವರ್ಷಗಟ್ಟಲೆ ಇಟ್ಟ ಹಾವಿನ ತಲೆ ಸುಕ್ಕಿರಬಹುದು. ಜೀವಂತ ಹಾವಿನದು ಇನ್ನೊಂದು ಕಥೆ. ಹೆದರಿದಾಗ ವಿಷವಿಲ್ಲದ ಎಷ್ಟೋ ಹಾವುಗಳು ತಲೆ ಚಪ್ಪಟೆ ಮಾಡಿ ಮಂಡಲದಂತೆ ಕಾಣುತ್ತವೆ. ಅಲ್ಲದೆ ತಲೆಯ ಆಕಾರಕ್ಕೆ ಹಾವು ಏನನ್ನು ನುಂಗುತ್ತದೆ ಎಂಬುದೂ ಕಾರಣ, ವಿಷವೊಂದೇ ಅಲ್ಲ. ಮೊಬೈಲಿನ ಟಾರ್ಚ್ ಬೆಳಕಿನಲ್ಲಿ ನಾವು ನೀವು ಏನು ಅಳೆಯುತ್ತೇವೆ?

ಕಚ್ಚಿದರೆ ಹಾವು ಹುಡುಕುತ್ತಾ ಹೊತ್ತು ಕಳೆಯಬೇಡಿ, ಹಿಡಿದು ತರುವುದಂತೂ ಬೇಡವೇ ಬೇಡ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಉಂಗುರ, ಬಳೆ ತೆಗೆಸಿ, ಕಚ್ಚಿದ ಭಾಗ ಅಲುಗಾಡದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಅಲ್ಲಿ ವೈದ್ಯರು ಹಾವಿನ ತಲೆಯನ್ನಲ್ಲ, ನಿಮ್ಮ ರೆಪ್ಪೆ ಜೋತು ಬಿದ್ದಿದೆಯೇ ಎಂದು ನೋಡುತ್ತಾರೆ; ರಕ್ತವನ್ನು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ಪರೀಕ್ಷಿಸುತ್ತಾರೆ.