ಸಾಲ ತೀರಿಸುವವರು ಯಾರು?

ಕಳೆದ ವರ್ಷ ಮನೆಯೊಂದನ್ನು ಕೊಳ್ಳುವ ಸಲುವಾಗಿ ಬ್ಯಾಂಕಿನಿಂದ 30 ಲಕ್ಷ ರೂಪಾಯಿ ಸಾಲ ತೆಗೆದುಕೊಂಡೆ. ಬಡ್ಡಿ ನೂರಕ್ಕೆ 9. ಅವಧಿ 20 ವರ್ಷ. ಕಾಗದಗಳಿಗೆ ರುಜು ಹಾಕಿ ಬಂದ ದಿನ ಮನೆಯಲ್ಲಿ ಪಾಯಸವಾಯಿತು. ಮೊದಲನೆಯ ಕಂತು ಸುಮಾರು 27,000 ರೂಪಾಯಿ ಸಂದಾಯವಾದ ಮೇಲೆ ಲೆಕ್ಕದ ಹಾಳೆಯನ್ನು ಬಿಡಿಸಿ ನೋಡಿದೆ. ಅದರಲ್ಲಿ 22,500 ರೂಪಾಯಿ ಬಡ್ಡಿಗೇ ಹೋಗಿತ್ತು. ಅಸಲಿನಲ್ಲಿ ಇಳಿದದ್ದು ನಾಲ್ಕೂವರೆ ಸಾವಿರದಷ್ಟು ಮಾತ್ರ. ಕೊನೆಯವರೆಗೆ ತಪ್ಪದೆ ಕಟ್ಟಿದರೆ 30 ಲಕ್ಷಕ್ಕೆ ನಾನು ತೆರುವುದು ಸುಮಾರು 65 ಲಕ್ಷ!

ಪಕ್ಕದಲ್ಲಿ ನಿಂತಿದ್ದ ಎಂಟು ವರ್ಷದ ಮಗಳು ಕೇಳಿದಳು: “ಇದು ಮುಗಿಯುವಾಗ ನನಗೆ ಎಷ್ಟು ವರ್ಷ ಅಪ್ಪಾ?”

“ಇಪ್ಪತ್ತೆಂಟು.”

“ಹಾಗಾದರೆ ಆಮೇಲೆ ಆಮೇಲೆ ನಾನೂ ಕಟ್ಟುತ್ತೇನೆ.”

ಎಲ್ಲರೂ ನಕ್ಕೆವು. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ಮಾತನ್ನು ನಾನು ಹಿಂದೆ ಎಲ್ಲಿಯೋ ಓದಿದ್ದೆನೆನಿಸಿತು. ಎದ್ದು ಕಪಾಟಿನ ಮುಂದೆ ನಿಂತೆ.

ಮೊದಲು ಕೈಗೆ ಬಂದದ್ದು ಪ್ರೇಮಚಂದರ ಕಥೆಗಳು. ‘ಸವಾ ಸೇರ್ ಗೇಹೂಂ’ ಎಂಬ ಕಥೆಯಲ್ಲಿ ಶಂಕರನೆಂಬ ಬಡ ರೈತನ ಮನೆಗೆ ಸಾಧುವೊಬ್ಬರು ಬರುತ್ತಾರೆ. ಅತಿಥಿಗೆ ಬಾರ್ಲಿಯ ರೊಟ್ಟಿ ಬಡಿಸುವುದು ಹೇಗೆಂದು ಶಂಕರ ಊರಿನ ಪುರೋಹಿತನಿಂದ ಒಂದೂಕಾಲು ಸೇರು ಗೋಧಿಯನ್ನು ಕಡ ತರುತ್ತಾನೆ. ಸುಗ್ಗಿಯಲ್ಲಿ ಕಾಣಿಕೆಯೊಡನೆ ಒಂದಿಷ್ಟು ಹೆಚ್ಚು ಧಾನ್ಯ ಕೊಟ್ಟು, ಋಣ ತೀರಿತೆಂದು ಭಾವಿಸುತ್ತಾನೆ. ಏಳು ವರ್ಷಗಳ ಬಳಿಕ ಪುರೋಹಿತ ಲೆಕ್ಕ ತೆಗೆಯುತ್ತಾನೆ: ಗೋಧಿ ಐದೂವರೆ ಮಣ! ಮಣಕ್ಕೆ 40 ಸೇರಿನಂತೆ ಅದು 220 ಸೇರು. ಶಂಕರ ಅವನ ಮನೆಯಲ್ಲಿ ಜೀತಕ್ಕೆ ನಿಲ್ಲುತ್ತಾನೆ, 20 ವರ್ಷ ದುಡಿದು ಸಾಯುತ್ತಾನೆ. ಸಾಲ ಮಾತ್ರ ಸಾಯುವುದಿಲ್ಲ. ಅದು ಅವನ ಮಗನ ಹೆಗಲೇರುತ್ತದೆ.

ಅದರ ಪಕ್ಕದಲ್ಲಿಯೇ ಶಿವರಾಮ ಕಾರಂತರ ‘ಚೋಮನ ದುಡಿ’ ಇತ್ತು. 1933ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ನಾನು ತರಗತಿಯಲ್ಲಿ ಪಾಠ ಹೇಳಿದ್ದೇನೆ. ಅಸ್ಪೃಶ್ಯತೆಯ ಕುರಿತು, ಭೂಮಿಯ ಹಂಬಲದ ಕುರಿತು ಟಿಪ್ಪಣಿ ಬರೆಯಿಸಿದ್ದೇನೆ. ಆ ರಾತ್ರಿ ಮಾತ್ರ ಅದನ್ನು ಸಾಲದ ಕಥೆಯಾಗಿ ಓದಿದೆ. ಕಾಫಿ ತೋಟದ ಸಾಲ ತೀರಿಸಲು ಚೋಮ ಸ್ವತಃ ಘಟ್ಟ ಹತ್ತುವುದಿಲ್ಲ. ಇಬ್ಬರು ಮಕ್ಕಳನ್ನು ಕಳುಹಿಸುತ್ತಾನೆ. ಒಬ್ಬನನ್ನು ಜ್ವರ ಕೊಂಡೊಯ್ಯುತ್ತದೆ, ಇನ್ನೊಬ್ಬ ಮನೆಗೆ ಮರಳುವುದಿಲ್ಲ. ಆಮೇಲೆ ಮಗಳು ಬೆಳ್ಳಿಯ ಸರದಿ. ತಂದೆಯ ಸಾಲಕ್ಕೆ ಅವಳು ತೆತ್ತದ್ದು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆಯುವಂಥದಲ್ಲ.

ಅರ್ಥಶಾಸ್ತ್ರದ ಗ್ರಂಥಗಳು ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತವೆ. ರಿಸರ್ವ್ ಬ್ಯಾಂಕು 1951–52ರಲ್ಲಿ ಗ್ರಾಮಾಂತರ ಸಾಲದ ಸಮೀಕ್ಷೆ ನಡೆಸಿತು. 1954ರಲ್ಲಿ ಅದರ ವರದಿ ಹೊರಬಂದಿತು. ರೈತರು ಪಡೆದ ಸಾಲದಲ್ಲಿ ನೂರಕ್ಕೆ ಸುಮಾರು 70 ಪಾಲು ಲೇವಾದೇವಿಯವರದು; ಸಹಕಾರ ಸಂಘಗಳ ಪಾಲು 3 ಮಾತ್ರ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರ ಸಂಘ ಹುಟ್ಟಿದ್ದರೂ, ಅರ್ಧ ಶತಮಾನದ ಬಳಿಕ ದೇಶದ ಸ್ಥಿತಿ ಹೀಗಿತ್ತು. ಜೀತಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂದದ್ದು 1976ರಲ್ಲಿ. ಅಂಕಿಗಳು ಸಾಲ ಎಷ್ಟು, ಯಾರದು ಎಂಬುದನ್ನು ತಿಳಿಸುತ್ತವೆ. ಅದನ್ನು ತೀರಿಸುವುದಕ್ಕೆ ಯಾರ ಆಯುಸ್ಸು ಸವೆಯಿತೆಂಬುದನ್ನು ತಿಳಿಯಬೇಕಾದರೆ ಕಥೆಗಾರನ ಬಳಿಗೇ ಹೋಗಬೇಕು.

ನನ್ನ ಸಾಲವನ್ನು ಶಂಕರನ ಸಾಲದೊಡನೆ ಹೋಲಿಸುವುದು ಅವನಿಗೆ ಅಪಚಾರವೇ ಸರಿ. ನನಗೆ ಸಂಬಳವಿದೆ, ಕಾನೂನಿನ ರಕ್ಷಣೆಯಿದೆ, ಓದಬಲ್ಲ ಲೆಕ್ಕದ ಹಾಳೆಯಿದೆ. ಅವನಿಗೆ ಇಲ್ಲದಿದ್ದುದು ಆ ಹಾಳೆಯೇ. ಏಳು ವರ್ಷ ಒಳಗೊಳಗೇ ಬೆಳೆದ ಬಡ್ಡಿಯನ್ನು ಯಾರೂ ಅವನಿಗೆ ತೋರಿಸಲಿಲ್ಲ. ನಮಗಾದರೋ ತೋರಿಸುತ್ತಾರೆ; ನಾವು ಮಡಿಸಿ ಒಳಗಿಡುತ್ತೇವೆ. ‘ತಿಂಗಳಿಗೆ ಇಷ್ಟು ತಾನೇ’ ಎನ್ನುವ ಸಮಾಧಾನದಲ್ಲಿ ಮದುವೆ, ಮನೆ, ವಾಹನಗಳಿಗೆ ರುಜು ಹಾಕುವ ನಮ್ಮಲ್ಲಿ, ಇದು ಯಾರ ಎಷ್ಟು ವರ್ಷದ ದುಡಿಮೆ ಎಂದು ಕೇಳಿಕೊಳ್ಳುವವರು ಎಷ್ಟು ಮಂದಿ?

ಮರುದಿನ ಬೆಳಿಗ್ಗೆ ನಾನೂ ನನ್ನಾಕೆಯೂ ಮತ್ತೆ ಹಾಳೆಯ ಮುಂದೆ ಕುಳಿತೆವು. ಏರಿಳಿಯುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸುವವರಿಗೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಬ್ಯಾಂಕುಗಳಿಗೆ ಆಜ್ಞೆ ಮಾಡಿದೆ. ನಮ್ಮದೂ ಅಂಥ ಸಾಲವೇ. ತಿಂಗಳಿಗೆ 5,000 ರೂಪಾಯಿ ಹೆಚ್ಚಾಗಿ ಕಟ್ಟುತ್ತ ಹೋದರೆ, ಬಡ್ಡಿಯ ದರ ಹೀಗೆಯೇ ಇದ್ದಲ್ಲಿ, 20 ವರ್ಷದ ಸಾಲ ಹದಿಮೂರೂವರೆ ವರ್ಷಕ್ಕೆ ಮುಗಿಯುತ್ತದೆ. ಕೊಳ್ಳಬೇಕೆಂದಿದ್ದ ಕಾರನ್ನು ಆಕೆಯೇ ಪಟ್ಟಿಯಿಂದ ಹೊಡೆದು ಹಾಕಿದಳು.

ಸಂಜೆ ಮಗಳನ್ನು ಕರೆದು, “ಸಾಲ ಮುಗಿಯುವಾಗ ನಿನಗೆ ಇಪ್ಪತ್ತೆರಡು” ಎಂದೆ. ಅವಳು ಬೆರಳು ಮಡಿಸಿ ಎಣಿಸಿದಳು.

“ಆಗ ನಾನಿನ್ನೂ ಓದುತ್ತಾ ಇರುತ್ತೇನಲ್ಲಾ! ನಾನು ಹೇಗೆ ಕಟ್ಟಲಿ?”

“ನೀನು ಕಟ್ಟಬೇಕಾಗಿಲ್ಲ, ಮಗು” ಎಂದೆ.